ಮೆಣಸು ಹೋಯಿತು, ಕಬ್ಬಿಣ ಅರ್ಧ ಉಳಿಯಿತು: ಕರ್ನಾಟಕದ ಅಳಿವೆಗಳಲ್ಲಿ ಹೂಳೆತ್ತುವ ಮೊದಲು ನೋಡಬೇಕಾದದ್ದು

12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ ಏಡನ್ ಬಂದರಿನಿಂದ ಬಂದ ಪತ್ರಗಳಲ್ಲೊಂದು ಹಡಗು ಮುಳುಗಿದ ಸುದ್ದಿಯನ್ನು ತಿಳಿಸುತ್ತದೆ. ಅವನ ಕರಿಮೆಣಸನ್ನೂ ಕಬ್ಬಿಣವನ್ನೂ ಹೊತ್ತು ಹೋದ ಹಡಗು ಕೆಂಪು ಸಮುದ್ರದ ಬಾಗಿಲಾದ ಬಾಬ್ ಅಲ್ ಮಂದಬ್ ಬಳಿ ಒಡೆದುಹೋಯಿತು. ಮೆಣಸು ಪೂರ್ತಿ ನಷ್ಟವಾಯಿತು. ಕಬ್ಬಿಣಕ್ಕಾಗಿ ಏಡನ್ನಿನಿಂದ ಮುಳುಗುಗಾರರನ್ನು ಕಳುಹಿಸಿ ಸುಮಾರು ಅರ್ಧದಷ್ಟನ್ನು ಮೇಲೆತ್ತಿಸಲಾಯಿತು. ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಈ ಪತ್ರವ್ಯವಹಾರವನ್ನು ನಮ್ಮ ಕರಾವಳಿಯ ಚರಿತ್ರೆ ಬರೆಯುವವರು ಹಲವು ಕಾರಣಗಳಿಗಾಗಿ ಉಲ್ಲೇಖಿಸುತ್ತಾರೆ. ಬೆನ್ ಯಿಜುವಿನ ಕಂಚಿನ ಕಾರ್ಖಾನೆ, ಅವನ ಆಳು ಬೊಮ್ಮ, ಅವನ ಕೌಟುಂಬಿಕ ಬದುಕು ಎಲ್ಲವೂ ಅದರಲ್ಲಿವೆ. ಆದರೆ ನೀರಡಿಯ ಪುರಾತತ್ವದ ದೃಷ್ಟಿಯಿಂದ ನೋಡಿದರೆ ಆ ಲೆಕ್ಕದ ಸಾಲುಗಳೇ ಹೆಚ್ಚು ಮುಖ್ಯವಾಗುತ್ತವೆ, ಏಕೆಂದರೆ ಸಮುದ್ರ ಯಾವುದನ್ನು ಉಳಿಸುತ್ತದೆ, ಯಾವುದನ್ನು ಉಳಿಸುವುದಿಲ್ಲ ಎಂಬ ಪ್ರಶ್ನೆ ಅವುಗಳಲ್ಲಿ ನೇರವಾಗಿ ನಿಂತಿದೆ.

ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಕೆಲವು ವರ್ಷಗಳಿಂದ ಕೇಂದ್ರ ಸರ್ಕಾರ ಕಡಲ ಪರಂಪರೆಯ ಬಗ್ಗೆ ಹಿಂದೆಂದೂ ಇಲ್ಲದಷ್ಟು ಆಸಕ್ತಿ ತೋರಿಸುತ್ತಿದೆ. ಗುಜರಾತಿನ ಲೋಥಲ್‌ನಲ್ಲಿ ರಾಷ್ಟ್ರೀಯ ಕಡಲ ಪರಂಪರೆಯ ಸಂಕೀರ್ಣ ನಿರ್ಮಾಣವಾಗುತ್ತಿದೆ. 2025ರ ಫೆಬ್ರವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡ ದ್ವಾರಕೆಯ ನೀರಿಗೆ ಮತ್ತೆ ಇಳಿಯಿತು. ಅದೇ ವರ್ಷದ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಮೊಳೆಯಿಲ್ಲದೆ ಹಗ್ಗದಿಂದ ಹೊಲಿದ ಹಡಗು ‘ಕೌಂಡಿನ್ಯ’ ನೌಕಾಪಡೆಗೆ ಸೇರಿತು. ಇದೇ ಹೊತ್ತಿನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಅಂಕೋಲಾದ ಕೇಣಿ, ಹೊನ್ನಾವರದ ಕಾಸರಕೋಡು ಮೊದಲಾದೆಡೆ ಹೊಸ ಬಂದರುಗಳ ಯೋಜನೆಗಳು ಮುಂದಕ್ಕೆ ಸಾಗುತ್ತಿವೆ, ಮೀನುಗಾರರ ವಿರೋಧವೂ ಸಾಗಿದೆ. ಬಂದರು ಎಂದರೆ ಹೂಳೆತ್ತುವುದು. ಹೂಳೆತ್ತುವುದೆಂದರೆ ಶತಮಾನಗಳಿಂದ ಕೂತ ಕೆಸರನ್ನು ಯಂತ್ರದಿಂದ ಕೆದಕಿ ಬೇರೆಡೆ ಸುರಿಯುವುದು. ಈ ಎರಡು ಬೆಳವಣಿಗೆಗಳನ್ನು ಒಟ್ಟಿಗೆ ಇಟ್ಟು ಯೋಚಿಸುವ ಚರ್ಚೆ, ಈ ಕಡತಗಳೆಲ್ಲ ಓಡಾಡುವ ಬೆಂಗಳೂರಿನಲ್ಲಿ ಬಹುತೇಕ ನಡೆದೇ ಇಲ್ಲ. ಸಮುದ್ರದಿಂದ ಸುಮಾರು 350 ಕಿಲೋಮೀಟರು ರಸ್ತೆದೂರದಲ್ಲಿರುವ ರಾಜಧಾನಿಗೆ ಕರಾವಳಿಯೆಂದರೆ ಒಂದೋ ಪ್ರವಾಸ, ಇಲ್ಲವೇ ಬಂದರಿನ ಆದಾಯ.

ಮುಳುಗಿದ ಹಡಗು ವ್ಯಾಪಾರದ ಚರಿತ್ರೆಗೆ ಕೊಡುವ ಸಾಕ್ಷ್ಯ ಬೇರೆ ಯಾವ ಆಕರದಿಂದಲೂ ಸಿಗುವಂಥದ್ದಲ್ಲ. ಶಾಸನ ದಾನವನ್ನೂ ಸುಂಕವನ್ನೂ ಹೇಳುತ್ತದೆ. ಪ್ರವಾಸಿಯ ಬರಹ ಅವನು ಕಂಡದ್ದನ್ನು, ಕೆಲವೊಮ್ಮೆ ಕಾಣದೆ ಕೇಳಿದ್ದನ್ನು ಹೇಳುತ್ತದೆ. ಬಂದರು ಪಟ್ಟಣದ ಉತ್ಖನನದಲ್ಲಿ ಸಿಗುವ ಮಡಕೆ ಚೂರುಗಳು ನೂರಾರು ವರ್ಷಗಳ ಕಸದ ರಾಶಿ. ಹಡಗು ಮಾತ್ರ ಒಂದೇ ದಿನ, ಒಂದೇ ಯಾನದಲ್ಲಿ, ಯಾವ ಸರಕು ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಹಾಗೆಯೇ ಹಿಡಿದಿಟ್ಟಿರುತ್ತದೆ. ಟರ್ಕಿಯ ಉಲುಬುರುನ್ ಬಳಿ 1984ರಿಂದ 1994ರವರೆಗೆ ಶೋಧಿಸಲಾದ, ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿನ ಹಡಗಿನಲ್ಲಿ ಸುಮಾರು 10 ಟನ್ ತಾಮ್ರವೂ 1 ಟನ್ ತವರವೂ ಸಿಕ್ಕವು. ಈ ಎರಡನ್ನು ಹತ್ತಕ್ಕೆ ಒಂದರಂತೆ ಬೆರೆಸಿದರೆ ಕಂಚು ಬರುತ್ತದೆ ಎಂಬುದು ಲೋಹದ ಕೆಲಸದವರಿಗೆ ಗೊತ್ತಿರುವ ಸಂಗತಿ. ಅರಮನೆಯ ಯಾವ ದಾಖಲೆಯೂ ಒಂದು ಹಡಗಿನ ಹೊಟ್ಟೆಯಲ್ಲಿದ್ದ ಈ ಪ್ರಮಾಣವನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಆದರೆ ಇಲ್ಲಿ ಒಂದು ತೊಡಕಿದೆ. ಸಮುದ್ರ ಎಲ್ಲ ವ್ಯಾಪಾರಿಗಳಿಗೂ ಒಂದೇ ರೀತಿ ಸಾಕ್ಷಿ ಹೇಳುವುದಿಲ್ಲ. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ಸಿಕ್ಕ 9ನೇ ಶತಮಾನದ ಹಡಗಿನಲ್ಲಿ ಸುಮಾರು 60,000 ಚೀನೀ ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳಿದ್ದವು. ಅರಬ್ಬೀ ಜಗತ್ತಿನ ಮಾದರಿಯಲ್ಲಿ ಹಲಗೆಗಳನ್ನು ಹೊಲಿದು ಕಟ್ಟಿದ್ದ ಆ ಹಡಗು ಚೀನಾದ ವ್ಯಾಪಾರವನ್ನು ಇಂದಿಗೂ ಜೋರಾಗಿ ಸಾರುತ್ತಿದೆ, ಏಕೆಂದರೆ ಸುಟ್ಟ ಮಣ್ಣು ಸಾವಿರ ವರ್ಷವಾದರೂ ನೀರಿಗೆ ಕರಗುವುದಿಲ್ಲ. ಭಾರತದ ಪಶ್ಚಿಮ ಕರಾವಳಿಯಿಂದ ಹೊರಟದ್ದು ಮೆಣಸು, ಅಕ್ಕಿ, ಬಟ್ಟೆ, ಮರ, ತೆಂಗಿನ ನಾರು, ಅಡಿಕೆ. ಇವುಗಳಲ್ಲಿ ಒಂದೂ ಬೆಚ್ಚನೆಯ ಉಪ್ಪುನೀರಿನಲ್ಲಿ ಬಯಲಾಗಿ ಬಿದ್ದರೆ ಬಹಳ ಕಾಲ ಬಾಳುವುದಿಲ್ಲ. ಹಡಗಿನ ಮರವೂ ಅಷ್ಟೇ: ಹಡಗುಹುಳು ಎಂದು ಕರೆಯಲಾಗುವ, ನಿಜಕ್ಕೂ ಚಿಪ್ಪುಜೀವಿಗಳ ಕುಲಕ್ಕೆ ಸೇರಿದ ಪ್ರಾಣಿ ಉಷ್ಣವಲಯದ ನೀರಿನಲ್ಲಿ ತೆರೆದುಬಿದ್ದ ಹಲಗೆಯನ್ನು ಕೆಲವೇ ವರ್ಷಗಳಲ್ಲಿ ಕೊರೆದು ಮುಗಿಸುತ್ತದೆ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ಸ್ವೀಡನ್ನಿನ ‘ವಾಸಾ’ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿದ್ದಕ್ಕೆ ಮುಖ್ಯ ಕಾರಣ ಬಾಲ್ಟಿಕ್ ಸಮುದ್ರದ ತಣ್ಣನೆಯ, ಉಪ್ಪು ಕಡಿಮೆಯಿರುವ ನೀರಿನಲ್ಲಿ ಈ ಪ್ರಾಣಿಯ ಕಾಟವಿಲ್ಲದಿರುವುದು. ಅರಬ್ಬೀ ಸಮುದ್ರದ ತಳದಲ್ಲಿ ಅಂಥ ಇಡೀ ಹಡಗು ಕಾಯುತ್ತಿದೆ ಎಂದು ನಿರೀಕ್ಷಿಸುವುದು ಸರಿಯಲ್ಲ.

ಹೀಗಾಗಿ ನಮ್ಮ ವ್ಯಾಪಾರದ ಬಗ್ಗೆ ಕಡಲ ತಳದಿಂದ ಬರುವ ಸುದ್ದಿ ಹೆಚ್ಚಾಗಿ ಇತರರ ಸರಕಿನ ಮೂಲಕ ಬರುತ್ತದೆ. ಭಾರತಕ್ಕೆ ಹೊರಟು 1533ರಲ್ಲಿ ಆಫ್ರಿಕಾದ ನೈಋತ್ಯ ತೀರದಲ್ಲಿ ನಾಶವಾದ ಪೋರ್ಚುಗೀಸ್ ಹಡಗು ‘ಬೊಮ್ ಜೀಸಸ್’ ಎಂದು ಗುರುತಿಸಲಾದ ಅವಶೇಷ 2008ರಲ್ಲಿ ನಮೀಬಿಯಾದ ವಜ್ರದ ಗಣಿಯಲ್ಲಿ ಸಿಕ್ಕಿತು. ಅದರಲ್ಲಿ 2,000ಕ್ಕೂ ಹೆಚ್ಚು ಚಿನ್ನದ ನಾಣ್ಯಗಳಿದ್ದವು, ಜರ್ಮನಿಯ ಫುಗ್ಗರ್ ಮನೆತನದ ತ್ರಿಶೂಲದ ಗುರುತು ಒತ್ತಿದ ತಾಮ್ರದ ಗಟ್ಟಿಗಳಿದ್ದವು. ಮೆಣಸಿಗೆ ಕೊಡಬೇಕಾದ ಬೆಲೆ ಸಿಕ್ಕಿತು, ಮೆಣಸಲ್ಲ. ಗೋವಾದ ಸುಂಚಿ ಬಂಡೆಸಾಲಿನಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ 17ನೇ ಶತಮಾನದ ಪೋರ್ಚುಗೀಸ್ ಹಡಗಿನಿಂದ ಬಂದದ್ದು ತೋಪುಗಳು, ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿ.

ಅದೇ ಗೋವಾದ ಸೇಂಟ್ ಜಾರ್ಜ್ ಬಂಡೆಸಾಲಿನ ಹಡಗು ಮಾತ್ರ ಈ ನಿಯಮಕ್ಕೆ ಅಪವಾದದಂತಿದೆ, ಮತ್ತು ಅದು ನೇರವಾಗಿ ನಮ್ಮದೇ ಸರಕು. 19ನೇ ಶತಮಾನದ ಆ ಹಡಗಿನಲ್ಲಿ ಸಿಕ್ಕದ್ದು ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ವರ್ಷವೂ ಅಚ್ಚಾಗಿದ್ದ ಮಣ್ಣಿನ ಸಾಮಾನುಗಳು: ಸೂರಿನ ಮೂಲೆಹೆಂಚು, ನೆಲದ ಹೆಂಚು, ಹೊಗೆಗೂಡಿನ ಇಟ್ಟಿಗೆ, ಗ್ರೀಕ್ ಶೈಲಿಯ ಕಂಬಗಳ ತಲೆಭಾಗ. 1865 ಎಂಬುದು ಮಂಗಳೂರಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇನ್ನೂ ಉಳಿದಿರುವ ಹಳೆಯ ಮನೆಗಳ ಮಾಡಿನ ಮೇಲೆ ಕಾಣುವ ಮಂಗಳೂರು ಹೆಂಚಿಗೆ ಒಂದು ಕಡಲ ಚರಿತ್ರೆಯೂ ಇದೆ ಎಂಬುದು ಬೆಂಗಳೂರಿನವರಿಗೆ ಬಹುಶಃ ಹೊಸ ಮಾತು. ಈ ಹೆಂಚು ಉಳಿದದ್ದೂ ಪಿಂಗಾಣಿ ಉಳಿದ ಕಾರಣಕ್ಕೇ: ಅದು ಸುಟ್ಟ ಮಣ್ಣು.

ಹಾಗಾದರೆ ಬೆನ್ ಯಿಜುವಿನ ಮೆಣಸಿನಂಥ ಸರಕು ಎಂದಿಗೂ ಸಿಗುವುದಿಲ್ಲವೇ? ಸಿಗುತ್ತದೆ, ಮತ್ತು ಎಲ್ಲಿ ಸಿಗುತ್ತದೆ ಎಂಬುದೇ ಈ ಲೇಖನದ ಕೇಂದ್ರ. ಚೀನಾದ ಕ್ವಾನ್‌ಝೌ ಬಳಿ 1974ರಲ್ಲಿ ಶೋಧಿಸಲಾದ 13ನೇ ಶತಮಾನದ ಹಡಗಿನಲ್ಲಿ ಸುಗಂಧದ ಮರಗಳ ಜೊತೆಗೆ ಕರಿಮೆಣಸೂ ಸಿಕ್ಕಿತು. ಆ ಹಡಗು ಕೊಲ್ಲಿಯ ಹೂಳಿನಲ್ಲಿ ಹುದುಗಿ ಕೂತಿತ್ತು. 1495ರಲ್ಲಿ ಬಾಲ್ಟಿಕ್‌ನಲ್ಲಿ ಮುಳುಗಿದ ಡೆನ್ಮಾರ್ಕ್ ದೊರೆಯ ‘ಗ್ರಿಬ್ಸ್‌ಹುಂಡೆನ್’ ಹಡಗಿನ ಕೆಸರಿನಿಂದ ಕೇಸರಿ, ಶುಂಠಿಗಳ ಜೊತೆಗೆ 2,000ಕ್ಕೂ ಹೆಚ್ಚು ಮೆಣಸಿನ ಕಾಳುಗಳು ಬಂದವು. ವಾಸ್ಕೋ ಡ ಗಾಮಾ ಕಲ್ಲಿಕೋಟೆ ತಲುಪುವ ಮೂರು ವರ್ಷ ಮೊದಲೇ ನಮ್ಮ ದಿಕ್ಕಿನ ಮೆಣಸು ಅಷ್ಟು ದೂರ ತಲುಪಿತ್ತು ಎಂಬುದಕ್ಕೆ ಇದಕ್ಕಿಂತ ಕೈಗೆ ಸಿಗುವ ಸಾಕ್ಷ್ಯ ಬೇಕಿಲ್ಲ. ನೀರು ಬೆಚ್ಚಗಿದೆಯೋ ತಣ್ಣಗಿದೆಯೋ ಎಂಬುದರಷ್ಟೇ ಮುಖ್ಯವಾದದ್ದು, ವಸ್ತು ಎಷ್ಟು ಬೇಗ ಆಮ್ಲಜನಕವಿಲ್ಲದ ಕೆಸರಿನೊಳಗೆ ಹೂತುಹೋಯಿತು ಎಂಬುದು. ಆಮ್ಲಜನಕವಿಲ್ಲದ ಕಡೆ ಹಡಗುಹುಳು ಬದುಕುವುದಿಲ್ಲ, ಕೊಳೆಸುವ ಹೆಚ್ಚಿನ ಸೂಕ್ಷ್ಮಜೀವಿಗಳೂ ನಿಧಾನವಾಗುತ್ತವೆ.

ಅಂಥ ಕೆಸರು ಕರ್ನಾಟಕದ ಕರಾವಳಿಯಲ್ಲಿ ಎಲ್ಲಿದೆ? ನದಿಗಳು ಕಡಲು ಸೇರುವ ಅಳಿವೆಗಳಲ್ಲಿ. ಪಶ್ಚಿಮಘಟ್ಟದಿಂದ ಇಳಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಪ್ರತಿ ಮಳೆಗಾಲದಲ್ಲೂ ಮಣ್ಣು ತಂದು ಸುರಿಯುತ್ತವೆ. ನಮ್ಮ ಹಳೆಯ ಬಂದರುಗಳು ಬಹುಪಾಲು ಬಯಲು ಕಡಲಿನ ತೀರದಲ್ಲಿರದೆ ನದಿಯೊಳಗೇ ಇದ್ದವು: ಮಿರ್ಜಾನ್ ಅಘನಾಶಿನಿಯ ದಡದಲ್ಲಿ, ಹೊನ್ನಾವರ ಮತ್ತು ಗೇರುಸೊಪ್ಪೆ ಶರಾವತಿಯ ಮೇಲೆ, ಬಾರಕೂರು ಸೀತಾನದಿಯ ಮೇಲೆ, ಬಸರೂರು ವಾರಾಹಿಯ ಮೇಲೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹೆಸರಿಸಿ ಬರೆದಿದ್ದಾನೆ. ವಿಜಯನಗರದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಇಷ್ಟೆಲ್ಲ ಬರಹದ ಸಾಕ್ಷ್ಯವಿದ್ದೂ, ಸುಂಚಿ ಎಂದೋ ಬೆಲಿಟುಂಗ್ ಎಂದೋ ಹೆಸರಿಟ್ಟು ಹೇಳುವಂತೆ ಕರ್ನಾಟಕದ ನೀರಿನ ಒಂದು ಹಡಗನ್ನು ಹೆಸರಿಸುವುದು ಕಷ್ಟ. ಮೆಣಸಿನ ಹಡಗು ಉಳಿದಿರಬಹುದಾದ ಜಾಗಗಳು ಯಾವುವೋ, ಹೂಳೆತ್ತುವ ಯಂತ್ರಗಳು ಮೊದಲು ಇಳಿಯುವ ಜಾಗಗಳೂ ಬಹುಮಟ್ಟಿಗೆ ಅವೇ ಎಂಬುದು ಚಿಂತೆಯ ವಿಷಯ.

ಇನ್ನು ಹುಡುಕುವ ಕೆಲಸದ ವಿಚಾರ. ನೀರಡಿಯ ಪುರಾತತ್ವಜ್ಞರ ಕೆಲಸ ನೀರಿಗೆ ಇಳಿಯುವುದರಿಂದ ಆರಂಭವಾಗುವುದಿಲ್ಲ. ಮೊದಲು ಹಳೆಯ ನಕ್ಷೆ, ಬಂದರಿನ ದಾಖಲೆ, ಕಂಪನಿಗಳ ಪತ್ರವ್ಯವಹಾರ. ಆಮೇಲೆ ಮೀನುಗಾರರ ಜೊತೆ ಮಾತು. ಶ್ರೀಲಂಕಾದ ಗೊಡವಾಯ ಬಳಿ 30 ಮೀಟರಿಗೂ ಹೆಚ್ಚು ಆಳದಲ್ಲಿರುವ, ಹಿಂದೂ ಮಹಾಸಾಗರದಲ್ಲಿ ಈವರೆಗೆ ಸಿಕ್ಕವುಗಳಲ್ಲೇ ಅತ್ಯಂತ ಹಳೆಯದೆನ್ನಲಾಗುವ ಸುಮಾರು 2,000 ವರ್ಷಗಳ ಹಿಂದಿನ ಹಡಗು ಗಮನಕ್ಕೆ ಬಂದದ್ದು ಸ್ಥಳೀಯ ಮುಳುಗುಗಾರ ಮೀನುಗಾರರ ಮೂಲಕ. ನಂತರ ಯಂತ್ರಗಳ ಸರದಿ: ಶಬ್ದದ ಅಲೆಗಳಿಂದ ತಳದ ಚಿತ್ರ ಬಿಡಿಸುವ ಸೋನಾರ್, ಕೆಸರಿನೊಳಗಿನ ಪದರಗಳನ್ನು ತೋರಿಸುವ ಇನ್ನೊಂದು ಬಗೆಯ ಸೋನಾರ್, ಕಬ್ಬಿಣವಿರುವ ಕಡೆ ಕಾಂತಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಅಳೆಯುವ ಮ್ಯಾಗ್ನೆಟೋಮೀಟರ್.

ಈ ಕೊನೆಯ ಉಪಕರಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಬ್ಬಿಣದ ಮೊಳೆ, ತೋಪು, ಲಂಗರುಗಳಿರುವ ಯುರೋಪಿಯನ್ ಹಡಗನ್ನು ಇದು ಸುಲಭವಾಗಿ ಹಿಡಿಯುತ್ತದೆ. ಆದರೆ ಹಿಂದೂ ಮಹಾಸಾಗರದ ಹಳೆಯ ಹಡಗುಗಳು ತೆಂಗಿನ ನಾರಿನಲ್ಲಿ ಹೊಲಿದವು. ಅವುಗಳ ಲಂಗರೂ ಎಷ್ಟೋ ವೇಳೆ ಕಲ್ಲಿನದು. ದ್ವಾರಕೆ, ಸೋಮನಾಥ, ಮಹಾರಾಷ್ಟ್ರದ ವಿಜಯದುರ್ಗಗಳ ಸುತ್ತ ಅಂಥ ರಂಧ್ರವಿರುವ ಕಲ್ಲಿನ ಲಂಗರುಗಳು ಸಿಕ್ಕಿವೆ. ಕಬ್ಬಿಣದ ಸರಕು ಇಲ್ಲದಿದ್ದರೆ ಇಂಥ ಹಡಗು ಮ್ಯಾಗ್ನೆಟೋಮೀಟರಿಗೆ ಕಾಣಿಸುವುದೇ ಇಲ್ಲ. ಹೀಗೆ ಸಮುದ್ರ ಮಾಡುವ ಪಕ್ಷಪಾತಕ್ಕೆ ಉಪಕರಣದ ಪಕ್ಷಪಾತವೂ ಸೇರಿ ಪೋರ್ಚುಗೀಸರ, ಬ್ರಿಟಿಷರ ಹಡಗುಗಳು ಹೆಚ್ಚು ಸಿಗುತ್ತವೆ, ನಮ್ಮವು ಕಡಿಮೆ. ‘ಕೌಂಡಿನ್ಯ’ವನ್ನು ಕಟ್ಟುವಾಗಲೂ ಅಜಂತಾದ 5ನೇ ಶತಮಾನದ ಚಿತ್ರವನ್ನೇ ಆಧಾರವಾಗಿ ಹಿಡಿಯಬೇಕಾಯಿತು, ಹೋಲಿಸಿ ನೋಡುವುದಕ್ಕೆ ಆ ಕಾಲದ ಭಾರತೀಯ ಹಡಗಿನ ಒಡಲು ಇರಲಿಲ್ಲ. ಕೇರಳದ ಕುಶಲಕರ್ಮಿಗಳು ಹೊಲಿದ ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟದ್ದು ಹೆಮ್ಮೆಯ ಸಂಗತಿಯೇ. ಆದರೂ ಒಂದು ಚಿತ್ರದಿಂದ ಹಡಗು ಕಟ್ಟುವ ಸ್ಥಿತಿ ಬಂದದ್ದೇಕೆ ಎಂದು ಸಂಭ್ರಮದ ನಡುವೆ ಯಾರೂ ಕೇಳಲಿಲ್ಲ.

ನೀರಿನೊಳಗಿನ ಕೆಲಸ ಎಷ್ಟು ಕಷ್ಟವೆಂಬುದನ್ನು ಕನ್ನಡಿಗರು 2024ರಲ್ಲಿ ದಿನವೂ ನೋಡಿದ್ದಾರೆ. ಆ ವರ್ಷದ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದ ಲಾರಿಯನ್ನು ನೌಕಾಪಡೆಯ ಮುಳುಗುತಜ್ಞರು, ಸೋನಾರ್, ರಡಾರ್ ಎಲ್ಲ ಇದ್ದೂ ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯಾಗಿತ್ತು. ಟನ್‌ಗಟ್ಟಲೆ ಉಕ್ಕಿನ ಲಾರಿ, ಬಿದ್ದ ಜಾಗ ಹೆಚ್ಚುಕಡಿಮೆ ಗೊತ್ತಿದ್ದ ನದಿ. ಆದರೂ ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು, ಏಕೆಂದರೆ ಮಳೆಗಾಲದ ಅಳಿವೆಯಲ್ಲಿ ಸೆಳೆತವೂ ಕೆಂಪು ನೀರೂ ಮುಳುಗುವವರಿಗೆ ಏನನ್ನೂ ಕಾಣಗೊಡುವುದಿಲ್ಲ. ಪುರಾತತ್ವಜ್ಞರಿಗೆ ಇದರ ಮೇಲೆ ಇನ್ನೊಂದು ಕಟ್ಟು: ಸಾಮಾನ್ಯ ಗಾಳಿಯ ಸಿಲಿಂಡರಿನಲ್ಲಿ 30 ಮೀಟರ್ ಆಳಕ್ಕೆ ಇಳಿದವರು ಸುಮಾರು 20 ನಿಮಿಷದೊಳಗೆ ಮೇಲಕ್ಕೆ ಹೊರಡಬೇಕು, ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗದಂತೆ ದಾರಿಯಲ್ಲಿ ನಿಂತು ನಿಂತು ಬರಬೇಕು. ಆ ಇಪ್ಪತ್ತು ನಿಮಿಷದಲ್ಲಿ ಚೌಕ ಕಟ್ಟಿ, ಅಳತೆ ಹಿಡಿದು, ಚಿತ್ರ ತೆಗೆದು, ಗಾಳಿಯ ಕೊಳವೆಯಿಂದ ಮರಳು ಹೀರಿ, ಪ್ರತಿ ವಸ್ತುವಿನ ಜಾಗ ಬರೆದುಕೊಳ್ಳಬೇಕು. ಜಾಗದ ದಾಖಲೆ ತಪ್ಪಿದರೆ ವಸ್ತು ಅಂಗಡಿಯ ಕಪಾಟಿನಲ್ಲಿಡುವ ಹಳೆಯ ಸಾಮಾನಷ್ಟೇ. ಬೆಲಿಟುಂಗ್‌ನ ಸರಕನ್ನು ಖಾಸಗಿ ಕಂಪನಿ ಎತ್ತಿ ಮಾರಿದ್ದರ ಬಗ್ಗೆ ಪುರಾತತ್ವಜ್ಞರು ಎತ್ತಿದ ಆಕ್ಷೇಪ ಇದೇ. ಅದರಿಂದಾಗಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 2011ರಲ್ಲಿ ತನ್ನ ಯೋಜಿತ ಪ್ರದರ್ಶನವನ್ನು ಕೈಬಿಟ್ಟಿತು.

ಮೇಲೆ ತರುವುದರಿಂದ ಕೆಲಸ ಮುಗಿಯುವುದಿಲ್ಲ, ಖರ್ಚು ಶುರುವಾಗುತ್ತದೆ. ನೆನೆದ ಮರ ಒಣಗಿದರೆ ಕುಗ್ಗಿ ಸೀಳುತ್ತದೆ. ಉಪ್ಪು ತುಂಬಿದ ಕಬ್ಬಿಣ ಗಾಳಿಗೆ ಪದರ ಪದರವಾಗಿ ಉದುರುತ್ತದೆ. ಆದ್ದರಿಂದಲೇ ಯುನೆಸ್ಕೋದ 2001ರ ಒಪ್ಪಂದ, ಮುಳುಗಿದ್ದನ್ನು ಇದ್ದಲ್ಲೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು ಎನ್ನುತ್ತದೆ. ಪ್ರಯೋಗಾಲಯಕ್ಕೆ ಬಂದದ್ದು ಮಾತ್ರ ಅಚ್ಚರಿ ಹುಟ್ಟಿಸುವಷ್ಟು ಹೇಳಬಲ್ಲದು. ‘ಬೊಮ್ ಜೀಸಸ್’ ಹಡಗಿನ 100 ಆನೆದಂತಗಳ ವಂಶವಾಹಿಯನ್ನು ಓದಿದ 2020ರ ಅಧ್ಯಯನ, ಅವು ಪಶ್ಚಿಮ ಆಫ್ರಿಕಾದ ಕಾಡಾನೆಗಳ ಕನಿಷ್ಠ 17 ಹಿಂಡುಗಳಿಂದ ಬಂದವೆಂದು ತೋರಿಸಿತು. ಲೋಹದ ಮೂಲ ಪತ್ತೆಹಚ್ಚುವ ಇಂಥದ್ದೇ ವಿದ್ಯೆಯಲ್ಲಿ ಬೆಂಗಳೂರು ಹಿಂದೆ ಬಿದ್ದಿಲ್ಲ: ಇಲ್ಲಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಕಂಚು ಮತ್ತು ಉಕ್ಕಿನ ಮೇಲೆ ಮಾಡಿರುವ ಕೆಲಸ ಲೋಕಪ್ರಸಿದ್ಧ. ಕಡಲಿನಿಂದ ಒಂದು ಕಬ್ಬಿಣದ ಗಟ್ಟಿ ಬಂದರೆ ಅದನ್ನು ಪರೀಕ್ಷಿಸುವ ವಿದ್ಯೆ ನಮ್ಮ ಊರಿನಲ್ಲೇ ಇದೆ, ಗಟ್ಟಿಯೇ ಬರುತ್ತಿಲ್ಲ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲ ಹೆಸರು ಕನ್ನಡಿಗ ಶಿಕಾರಿಪುರ ರಂಗನಾಥ ರಾವ್ ಅವರದು. ಲೋಥಲ್‌ನ ಉತ್ಖನನ ನಡೆಸಿದ, ಗೋವಾದ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೇಂದ್ರವನ್ನು ಬೆಳೆಸಿದ, 1980ರ ದಶಕದಲ್ಲಿ ದ್ವಾರಕೆಯ ಕಡಲ ಶೋಧದ ಮುಂದಾಳಾಗಿದ್ದ ಅವರು 2013ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನದೇ ನೀರಡಿಯ ವಿಭಾಗ ತೆರೆದದ್ದು 2001ರಲ್ಲಿ. ಲಕ್ಷದ್ವೀಪದ ಬಂಗಾರಂ ಬಳಿ ‘ಪ್ರಿನ್ಸೆಸ್ ರಾಯಲ್’ ಹಡಗಿನ ಶೋಧ 2002ರದು. ಆಮೇಲೆ ವಿಭಾಗ ಬಹುಕಾಲ ಮಂಕಾಗಿತ್ತು. ಅದು ಮತ್ತೆ ಚುರುಕಾಗಿರುವುದು ಒಳ್ಳೆಯದೇ, ಆದರೆ ಅದರ ಮೊದಲ ಗಮನ ದ್ವಾರಕೆಯತ್ತ ಹೋಗಿರುವುದು ನನಗೆ ಸರಿಯಾದ ಆದ್ಯತೆಯಾಗಿ ಕಾಣುವುದಿಲ್ಲ. ಪುರಾಣದ ನಗರವನ್ನು ಹುಡುಕುವವರಿಗೆ ಉತ್ತರ ಮೊದಲೇ ಬೇಕಾಗಿರುತ್ತದೆ. ಸಿಕ್ಕ ಪ್ರತಿ ಕಲ್ಲೂ ಗೋಡೆಯಾಗುವ ಒತ್ತಡದಲ್ಲಿರುತ್ತದೆ. ಮುಳುಗಿದ ವ್ಯಾಪಾರಿ ಹಡಗಿನ ಮೇಲೆ ಅಂಥ ಹೊರೆಯಿಲ್ಲ.

ಕಾನೂನು ಕೂಡ ಅರ್ಧ ದಾರಿಯಲ್ಲಿ ನಿಂತಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ 1972ರ ಪ್ರಾಚ್ಯವಸ್ತುಗಳ ಕಾಯ್ದೆಯಾಗಲಿ ರೂಪುಗೊಂಡದ್ದು ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು. 100 ವರ್ಷಕ್ಕೂ ಹೆಚ್ಚು ಕಾಲ ನೀರಿನಡಿ ಇದ್ದುದನ್ನೆಲ್ಲ ಪರಂಪರೆಯೆಂದು ಪರಿಗಣಿಸುವ, ಅದರ ವಾಣಿಜ್ಯ ಶೋಷಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದ 2009ರಲ್ಲಿ ಜಾರಿಗೆ ಬಂದರೂ ಭಾರತ ಅದಕ್ಕೆ ಸೇರಿಲ್ಲ. ಹಡಗು ಕಾನೂನಿನ ಕಣ್ಣಿಗೆ ಮುಳುಗಿದ ಹಡಗೆಂದರೆ ಮಾಲೀಕತ್ವ, ಸಂಚಾರಕ್ಕೆ ಅಡ್ಡಿ, ಮಾಲಿನ್ಯ ಮತ್ತು ತೆರವಿನ ವೆಚ್ಚ. 2025ರ ಮೇ ತಿಂಗಳಲ್ಲಿ 600ಕ್ಕೂ ಹೆಚ್ಚು ಕಂಟೇನರುಗಳೊಂದಿಗೆ ಕೇರಳದ ಬಳಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ರಂಥ ಪ್ರಕರಣಕ್ಕೆ ಆ ಕಾನೂನು ಸರಿ, 500 ವರ್ಷದ ಹಲಗೆಗಳಿಗೆ ಅದು ಒದಗುವುದಿಲ್ಲ.

ಬಂದರು ಯೋಜನೆಗಳ ಪರಿಸರ ಪರಿಣಾಮ ಅಧ್ಯಯನದಲ್ಲಿ ಸುತ್ತಲಿನ ಸಂರಕ್ಷಿತ ಸ್ಮಾರಕಗಳನ್ನು ಕೇಳುವ ಅಂಕಣವಿದೆ. ಮಿರ್ಜಾನ್ ಕೋಟೆ ಆ ಅಂಕಣದಲ್ಲಿ ಬರಬಲ್ಲದು. ಇನ್ನೂ ಯಾರೂ ಕಾಣದ ಹಡಗು ಬರಲಾರದು, ಏಕೆಂದರೆ ಸಿಗದೆ ಅದು ಸಂರಕ್ಷಿತವಾಗುವುದಿಲ್ಲ, ಹುಡುಕದೆ ಅದು ಸಿಗುವುದಿಲ್ಲ. ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಯೋಜನೆ ಕೈಗೊಳ್ಳುವವರೇ ಪುರಾತತ್ವ ಸಮೀಕ್ಷೆಯ ವೆಚ್ಚ ಭರಿಸುವ ಪದ್ಧತಿ ನೆಲೆಗೊಂಡಿದೆ. ಇಲ್ಲಿ ಹಾಗೆಂದರೆ ವಿಳಂಬ ಮತ್ತು ಖರ್ಚಿನ ಆಕ್ಷೇಪ ಬರುವುದು ಖಚಿತ, ಮತ್ತು ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಂದರಿನ ಕಾಲುವೆ ರೂಪಿಸುವ ಮೊದಲು ಎಂಜಿನಿಯರುಗಳು ಹೇಗೂ ತಳದ ಆಳ ಅಳೆಯುತ್ತಾರೆ, ಸೋನಾರ್ ಓಡಿಸುತ್ತಾರೆ, ಕೊಳವೆ ಇಳಿಸಿ ಕೆಸರಿನ ಮಾದರಿ ತೆಗೆಯುತ್ತಾರೆ. ಅದೇ ದತ್ತಾಂಶವನ್ನು, ಅದೇ ಕೆಸರಿನ ಮಾದರಿಯನ್ನು ಒಬ್ಬ ಕಡಲ ಪುರಾತತ್ವಜ್ಞರಿಗೂ ತೋರಿಸಬೇಕೆಂಬ ಒಂದು ಷರತ್ತನ್ನು ರಾಜ್ಯ ಸರ್ಕಾರ ತನ್ನ ಗುತ್ತಿಗೆ ಒಪ್ಪಂದದಲ್ಲೇ ಸೇರಿಸಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಹಡಗೂ ಬೇಕಿಲ್ಲ.

ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿದೆ. ಕಾರವಾರದಿಂದ ಮಂಗಳೂರಿನವರೆಗೆ ಟ್ರಾಲ್ ಬೋಟಿನವರಿಗೆ ಬಲೆ ಸಿಕ್ಕಿ ಹರಿಯುವ ಜಾಗಗಳು ಗೊತ್ತಿರುತ್ತವೆ. ನಷ್ಟ ತಪ್ಪಿಸಿಕೊಳ್ಳಲು ಅವರು ಅವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬಂಡೆ, ಕೆಲವು ಇತ್ತೀಚೆಗೆ ಮುಳುಗಿದ ದೋಣಿ, ಒಂದೆರಡು ಬೇರೇನಾದರೂ ಇರಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ, ಬೋಟು ನಡೆಸುವ ತಾಂಡೇಲರು ಊರಿನಲ್ಲಿರುತ್ತಾರೆ. ಮೀನುಗಾರಿಕೆ ಇಲಾಖೆ ಮತ್ತು ರಾಜ್ಯದ ಪುರಾತತ್ವ ಇಲಾಖೆ ಸೇರಿ ಆ ಎರಡು ತಿಂಗಳಲ್ಲಿ ಈ ಗುರುತುಗಳನ್ನು ಸಂಗ್ರಹಿಸಿದರೆ, ನೀರು ತಿಳಿಯಾಗುವ ಡಿಸೆಂಬರಿನ ಹೊತ್ತಿಗೆ ಗೋವಾದ ಸಾಗರವಿಜ್ಞಾನ ಸಂಸ್ಥೆಯವರು ಎಲ್ಲೆಲ್ಲಿ ಸೋನಾರ್ ಇಳಿಸಬೇಕೆಂಬ ಪಟ್ಟಿ ಸಿದ್ಧವಾಗುತ್ತದೆ. ಮೀನುಗಾರರು ತಮ್ಮ ಗುರುತುಗಳನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ, ಒಳ್ಳೆಯ ಮೀನಿನ ಜಾಗಗಳೂ ಎಷ್ಟೋ ಸಲ ಅವೇ ಆಗಿರುತ್ತವೆ. ಆದ್ದರಿಂದ ಮಾಹಿತಿಯನ್ನು ಗುಟ್ಟಾಗಿಡುವ ಭರವಸೆಯೂ ಹರಿದ ಬಲೆಗೆ ಒಂದಷ್ಟು ಪರಿಹಾರವೂ ಆ ಯೋಜನೆಯ ಭಾಗವಾಗಿರಬೇಕಾಗುತ್ತದೆ.